ಆರತಿ ಹತ್ತಿರ ಬಂದಾಗ

ಮಾಜಾಳಿಯ ನಮ್ಮ ಭಜನಾ ಮಂಡಳಿಯ ಹೆಂಗಸರೆಲ್ಲ ಕಾರವಾರದ ಸ್ಟುಡಿಯೋಕ್ಕೆ ರೆಕಾರ್ಡಿಂಗ್‌ಗೆ ಹೋಗಿದ್ದೆವು. ಮೊದಲ ಸಲ ಹಾಡಿ ಮುಗಿಸಿದಾಗ ರೆಕಾರ್ಡಿಂಗ್ ಮಾಡುವವರು ತಲೆ ಹಿಡಿದುಕೊಂಡರು.

"ಅಕ್ಕಾ, ನಿಧಾನ ಶುರುಮಾಡಿ ಕೊನೆಗೆ ಓಡ್ತೀರಿ. ಶ್ರುತಿಯೂ ಮೇಲೆ ಹೋಯ್ತು. ಜನಕ್ಕೆ ಶಾಂತ ಭಜನೆ ಬೇಕು."

ಎರಡನೇ ಸಲ ಎಲ್ಲರ ಕಿವಿಗೂ ಟಕಟಕ ಎನ್ನುವ ಯಂತ್ರದ ತಾಳ ಕೊಟ್ಟರು. ಭಜನೆಯಲ್ಲಿ ಜೀವವೇ ಉಳಿಯಲಿಲ್ಲ. ನಮ್ಮಲ್ಲಿ ಹಿರಿಯಳಾದ ಸುಮಿತ್ರಕ್ಕ ಹೆಡ್‌ಫೋನ್ ಕಿತ್ತಿಟ್ಟಳು.

"ತಮಾ, ಆರತಿ ಎತ್ತುವಾಗ ಈ ಟಕಟಕ ಕೇಳ್ಲೋ, ದೇವರ ಮುಖ ನೋಡ್ಲೋ?"

ನಾನೂ ಹೇಳಿಬಿಟ್ಟೆ: "ಆರತಿ ಹತ್ತಿರ ಬಂದಂತೆ ನಮ್ಮ ತಾಳ ಓಡಬೇಕು, ಸ್ವರ ಏರಬೇಕು. ಇಲ್ಲಾಂದ್ರೆ ರೆಕಾರ್ಡೇ ಬೇಡ."

ಅವರು ಯಂತ್ರದ ತಾಳ ಬಂದ್ ಮಾಡಿದರು. ಮೂರನೇ ಸಲ ಕಣ್ಣು ಮುಚ್ಚಿ ಹಾಡಿ ಮುಗಿಸಿ ನಾವು ಕಣ್ಣು ತೆರೆದಾಗ ಅವರು ಗಾಜಿನಾಚೆ ಕೈಮುಗಿದು ನಿಂತಿದ್ದರು.

ಈಗ ಆ ರೆಕಾರ್ಡನ್ನು ನಮ್ಮೂರ ಬಸ್ಸಿನಲ್ಲೂ ಹಾಕುತ್ತಾರೆ. ಕೊನೆಯ ಚರಣಕ್ಕೆ ಡ್ರೈವರನೂ ವೇಗ ಹೆಚ್ಚಿಸುತ್ತಾನಂತೆ. ಅವನನ್ನು ದೇವರೇ ನೋಡಿಕೊಳ್ಳಬೇಕು.