ಮಕ್ಕಳ ವಾರ್ಡಿನ ಒಂಟೆ, ಕರಡಿ ಮತ್ತು ನಮ್ಮತ್ತೆ

ನಮ್ಮತ್ತೆಗೆ ಕೋಪ ಮೂಗಿನ ತುದಿಯಲ್ಲೇ. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಆಯಾ ಆಗಿ ಸೇರಿ, ಕೂದಲೆಲ್ಲ ಬೆಳ್ಳಗಾದ ಮೇಲೆ ನಿವೃತ್ತರಾದವರು. ಎಷ್ಟು ಮಕ್ಕಳಿಗೆ ಔಷಧಿ ಕುಡಿಸಿದ್ದಾರೋ ಹೆಚ್ಚುಕಮ್ಮಿ ಅಷ್ಟೇ ಡಾಕ್ಟರುಗಳಿಗೆ ಬುದ್ಧಿ ಹೇಳಿದ್ದಾರೆ. ಈಗ ಬುದ್ಧಿ ಹೇಳಿಸಿಕೊಳ್ಳಲು ಉಳಿದಿರುವವಳು ಸೊಸೆಯಾದ ನಾನೊಬ್ಬಳೇ. ನನ್ನ ಗಂಡನೆಂಬ ಪ್ರಾಣಿ ಅಮ್ಮ ಬಾಯಿ ತೆರೆದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಮಾಯವಾಗುತ್ತದೆ.

ಪ್ರಾಣಿ ಅಂದಾಗ ನೆನಪಾಯಿತು, ಆ ವಾರ್ಡಿನ ಉದ್ದನೆಯ ಗೋಡೆಯ ತುಂಬ ಪ್ರಾಣಿಗಳ ಚಿತ್ರಗಳಿವೆ. ಬಹಳ ವರ್ಷಗಳ ಹಿಂದೆ ಸೂರು ಸೋರುತ್ತದೆಂದು ರಿಪೇರಿಗೆ ವಾರ್ಡನ್ನು ಪಕ್ಕದ ಕಟ್ಟಡಕ್ಕೆ ಸಾಗಿಸಿದ್ದರಂತೆ. ಕೆಲಸ ಮುಗಿದು ವಾಪಸು ಬಂದು ಬಾಗಿಲು ತೆಗೆದರೆ ಬೋಳು ಗೋಡೆ ಕಾಡಾಗಿ ಕೂತಿದೆ! ಅದೂ ಎಂಥ ಕಾಡು? ಒಂಟೆಗೆ ಅಂದಿನ ದೊಡ್ಡ ಡಾಕ್ಟರ ಮುಖ, ಕರಡಿಗೆ ವಾಚ್‌ಮನ್ ಮುಖ, ಹುಲಿಗೆ ಹೆಡ್ ಸಿಸ್ಟರ್ ಮುಖ. ಬರೆದವರು ಯಾರು ಎಂದು ಡಾಕ್ಟರು ಗುಡುಗಿದರಂತೆ. ಆಮೇಲೆ ಒಂಟೆಯನ್ನು ಇನ್ನೊಮ್ಮೆ ನೋಡಿ ಬಿದ್ದು ಬಿದ್ದು ನಕ್ಕರಂತೆ. ನಾನೇ ಬರೆದೆ ಎಂದು ಒಪ್ಪಿಕೊಂಡವರು ಯಾರೂ ಇಲ್ಲ. ಬರುಬರುತ್ತ ಕೇಳುವವರೂ ಇಲ್ಲವಾದರು.

ಅತ್ತೆಯ ಸಂಕಟವೇ ಬೇರೆ.

"ಅಡುಗೆಯವನು ಇದಾನೆ, ಬಟ್ಟೆ ಒಗೆಯೋನು ಇದಾನೆ, ವಾರಕ್ಕೊಂದ್ಸಲ ಮುಖ ತೋರಿಸ್ತಿದ್ದ ಹಲ್ಲಿನ ಡಾಕ್ಟ್ರೂ ಮೊಲ ಆಗಿ ಕೂತಿದಾರೆ. ನಾನು ಮಾತ್ರ ಇಲ್ಲ! ಒಂದು ಕಪ್ಪೆಗಾದ್ರೂ ನನ್ನ ಮುಖ ಇಡಬಾರದಿತ್ತಾ? ಸಾಲದ್ದಕ್ಕೆ, ಬಾಗಿಲಲ್ಲಿ ಕಾಲಿಟ್ರೆ ಸಾಕು, ಎಲ್ಲಾ ಸೇರ್ಕೊಂಡು ನನ್ನನ್ನೇ ಗುರಾಯಿಸ್ತಾವೆ. ನಾನೇನೋ ಅವುಗಳ ಗಂಟು ತಿಂದೋಳ ಹಾಗೆ!"

ಈ ಪುರಾಣವನ್ನು ಮದುವೆಯಾಗಿ ಬಂದಾಗಿನಿಂದ ಕೇಳಿ ಕೇಳಿ ನನ್ನ ಕಿವಿ ತೂತುಬಿದ್ದಿದೆ. ನಕ್ಕು ತೇಲಿಸಿಬಿಡುತ್ತಿದ್ದೆ. ಆದರೆ ಅವರಿಗೆ ನಿಜಕ್ಕೂ ನೋವಿತ್ತು. ಹಗಲಿರುಳೆನ್ನದೆ ಜೀವ ತೇದ ಜಾಗದಲ್ಲಿ ತನ್ನನ್ನು ಮಾತ್ರ ಯಾರೋ ಲೆಕ್ಕಕ್ಕೇ ಇಟ್ಟಿಲ್ಲ ಅಂದರೆ ಯಾರಿಗಾದರೂ ನೋಯುತ್ತದೆ.

ಹೀಗಿರುವಾಗ ಹಳೆಯ ವಾಚ್‌ಮನ್, ಅಂದರೆ ಕರಡಿ, ಮನೆಗೆ ಬಂದು ಸುದ್ದಿ ಹೇಳಿದ. ಸೋಮವಾರ ವಾರ್ಡಿಗೆ ಹೊಸ ಬಣ್ಣ ಹೊಡೆಯುತ್ತಾರೆ, ಚಿತ್ರಗಳೆಲ್ಲ ಹೋಗುತ್ತವೆ. ಪೀಡೆ ತೊಲಗಿತು ಎಂದು ಅತ್ತೆ ಖುಷಿಪಡುತ್ತಾರೆ ಅಂದುಕೊಂಡೆ. ಅವರು ಎದ್ದು ನಿಂತು, "ಸ್ಕೂಟರ್ ತೆಗಿ" ಅಂದರು.

"ನಿಮ್ಮನ್ನು ಬರೆದೇ ಇಲ್ಲವಲ್ಲ ಅತ್ತೆ?"

"ಬರೆದಿಲ್ಲ ಅಂತ ಬೈಯೋ ಹಕ್ಕು ನನಗಿದೆ. ಅಳಿಸೋಕೆ ಇವರ್ಯಾರು? ಸೂಜಿ ಚುಚ್ಚೋವಾಗ ಆ ಕರಡಿ ತೋರಿಸಿ ಎಷ್ಟು ಮಕ್ಕಳ ಅಳು ನಿಲ್ಲಿಸಿದೀನಿ ಗೊತ್ತಾ?"

ಈಗಿನ ದೊಡ್ಡ ಡಾಕ್ಟರಮ್ಮ ಒಳ್ಳೆಯವರು. ಅತ್ತೆಯ ಕೂಗಾಟವನ್ನೆಲ್ಲ ಕೇಳಿಸಿಕೊಂಡು, "ಅಮ್ಮಾ, ನನಗೂ ಈ ಗೋಡೆ ಇಷ್ಟ" ಅಂದರು. "ಆದ್ರೆ ಮೇಲಿನವರ ಕಣ್ಣಿಗೆ ಇದು ಗಲೀಜು ಗೋಡೆ ಅಷ್ಟೇ. ಬರೆದೋರು ಯಾರು, ಏನು ಅಂತ ಗೊತ್ತಾದ್ರೆ ಇದು ಕಲಾವಿದರ ಕೆಲಸ ಅಂತ ಹೇಳಿ ಉಳಿಸಬಹುದು. ಭಾನುವಾರದೊಳಗೆ ಹುಡುಕಿ ಕೊಡ್ತೀರಾ?"

ಕೊಡದೆ ಬಿಡುತ್ತಾರೆಯೇ? ಅತ್ತೆಯ ಕಾಲಿಗೆ ಚಕ್ರ ಕಟ್ಟಿತು. ಅಂದರೆ ನನ್ನ ಸ್ಕೂಟರಿನ ಚಕ್ರ. ಕರಡಿ ಕೈಮುಗಿದು, "ಅಕ್ಕಾ, ನಾನು ಬರೀ ಕರಡಿ, ಕರಡಿ ಬರೆಯೋನಲ್ಲ" ಅಂದ. ಅಡುಗೆಯವನು ಹಲ್ಲಿನ ಡಾಕ್ಟರ ಮೇಲೆ ಅನುಮಾನಪಟ್ಟ. ಹಲ್ಲಿನ ಡಾಕ್ಟರು ಅಡುಗೆಯವನ ಮೇಲೆ. ಚಿತ್ರಕಲೆ ಕಲಿಸುವ ಮೇಷ್ಟ್ರೊಬ್ಬರಿಗೆ ಫೋನಿನಲ್ಲಿ ತೆಗೆದ ಫೋಟೋ ತೋರಿಸಿದೆವು. ಅವರು ಕನ್ನಡಕ ಏರಿಸಿ, ಇಳಿಸಿ, "ಕೈಯಲ್ಲಿ ಜೀವ ಇದೆ. ಆದ್ರೆ ವಿಚಿತ್ರ ನೋಡಿ, ಎಲ್ಲರಿಗೂ ಗದ್ದ ದಪ್ಪ, ಮೂಗಿನ ಹೊಳ್ಳೆ ಅಗಲ, ಹಣೆ ಇಲ್ಲವೇ ಇಲ್ಲ. ಇಂಥವರು ನಮ್ಮ ಕಲಾವಿದರಲ್ಲಿ ಯಾರೂ ಇಲ್ಲ" ಅಂದರು.

ಶನಿವಾರದ ಹೊತ್ತಿಗೆ ಸುತ್ತಿ ಸುತ್ತಿ ಅತ್ತೆಯ ಸೊಂಟ ಹಿಡಿದುಕೊಂಡಿತು. ಸೊಂಟ ಹಿಡಿದರೆ ನಡುಮನೆಯ ನೆಲದ ಮೇಲೆ ಅಂಗಾತ ಮಲಗುವುದೇ ಅವರ ಮದ್ದು. ನಾನು ಟೀ ಹಿಡಿದು ಪಕ್ಕದಲ್ಲಿ ನಿಂತೆ. ಅವರು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು.

"ಲೇ, ನಿನ್ನ ಮೂಗಿನ ಹೊಳ್ಳೆ ಇಷ್ಟು ಅಗಲಾನಾ?"

ಟೀ ತಲೆ ಮೇಲೆ ಸುರಿದುಬಿಡೋಣವೆನಿಸಿತು. ಅಷ್ಟರಲ್ಲಿ ಅವರು, "ಅಲ್ಲೇ ನಿಲ್ಲು! ಗದ್ದ ಎತ್ತು! ಅಯ್ಯೋ, ಥೇಟ್ ಆ ಒಂಟೆ!" ಎಂದು ಕೂಗಿದರು. "ಬರೆದೋನು ಎಲ್ಲರನ್ನೂ ಕೆಳಗಿಂದ ನೋಡಿದಾನೆ ಕಣೇ! ಮಲಗಿಕೊಂಡು ನೋಡಿದಾನೆ!"

"ಹಾಗಾದ್ರೆ ಯಾವುದೋ ಕಾಯಿಲೆ ಮಗು..."

"ಮಗು ಅಷ್ಟೆತ್ತರಕ್ಕೆ ಬರೆಯತ್ತಾ? ನಮ್ಮ ವಾರ್ಡಲ್ಲಿ ನೆಲದ ಮೇಲೆ ಅಂಗಾತ ಮಲಗ್ತಾ ಇದ್ದ ದೊಡ್ಡೋನು ಒಬ್ಬನೇ. ಮಂಚ ರಿಪೇರಿಯವನು!"

ಕಬ್ಬಿಣದ ಮಂಚಗಳ ಕೆಳಗೆ ತೂರಿ ಸ್ಕ್ರೂ ಬಿಗಿ ಮಾಡುತ್ತಿದ್ದವನು, ವರ್ಷಕ್ಕೊಮ್ಮೆ ಅವಕ್ಕೆಲ್ಲ ಹಸಿರು, ನೀಲಿ ಬಣ್ಣ ಹೊಡೆಯುತ್ತಿದ್ದವನು. ಗೋಡೆಯ ಮೇಲಿನ ಮೊಸಳೆಗೂ ಮಂಚದ್ದೇ ಹಸಿರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಸೊಂಟನೋವು ಎಲ್ಲಿ ಹೋಯಿತೋ ಕಾಣೆ, ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಅತ್ತೆ ಸ್ಕೂಟರಿನ ಹಿಂದೆ ಕೂತಿದ್ದರು.

ಕರಡಿಗೆ ಅವನ ವಿಳಾಸ ಗೊತ್ತಿತ್ತು. ಸೈಕಲ್ ಅಂಗಡಿಯ ಮಹಡಿಯ ಮೇಲೆ ಮಗಳ ಮನೆ. ಕಿಟಕಿಯ ಬಳಿ ಕೂತು ಕಳಚಿದ ಸ್ಟೂಲಿನ ಕಾಲು ಕೂರಿಸುತ್ತಿದ್ದ ಸಣಕಲು ಮುದುಕ, ಅತ್ತೆ "ಆಸ್ಪತ್ರೆ ಗೋಡೆ" ಅಂದದ್ದೇ ತಡ, ಸ್ಕ್ರೂಡ್ರೈವರ್ ಕೆಳಗೆ ಹಾಕಿ, "ಮಿಕ್ಕಿದ ಬಣ್ಣ ಮಾತ್ರ ತಗೊಂಡಿದ್ದು ಅಕ್ಕಾ, ಆಣೆಗೂ!" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ.

ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. "ನಮ್ಮಪ್ಪ ಚಿತ್ರ ಬರೀತಾರಾ? ಮನೆಗೆ ಬಣ್ಣ ಹೊಡಿ ಅಂದ್ರೆ ಕೈನೋವು ಅಂತಾರೆ!"

"ವಾರ್ಡ್ ಖಾಲಿ ಇದ್ದಾಗ ಮಂಚಕ್ಕೆ ಬಣ್ಣ ಹೊಡೀತಾ ನಾನೊಬ್ಬನೇ ಇದ್ದೆ" ಅಂದ ಮುದುಕ. "ಬೋಳು ಗೋಡೆ ನೋಡಿ ಕೈ ಸುಮ್ನಿರಲಿಲ್ಲ. ಡಾಕ್ಟ್ರು ಗುಡುಗಿದ್ದು ಕೇಳಿ ಬಾಯಿ ಹೊಲಿದುಕೊಂಡೆ. ಬಿಚ್ಚೋಕೆ ಧೈರ್ಯವೇ ಬರಲಿಲ್ಲ."

ಭಾನುವಾರ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ವಾರ್ಡಿಗೆ ಕರೆದೊಯ್ದೆವು. ಡಾಕ್ಟರಮ್ಮ ಮೆಲ್ಲಗೆ, ಬರೆದದ್ದು ನೀವೇ ಅನ್ನುವುದಕ್ಕೆ ಏನಾದರೂ ಗುರುತಿದೆಯೇ ಎಂದು ಕೇಳಿದರು. ಅವನು ಮೂಲೆಯ ಕಬ್ಬಿಣದ ಬೀರು ತೋರಿಸಿ, "ಅದನ್ನ ಸರಿಸಿ. ನಾಚಿಕೆಯಾಗಿ ನಾನೇ ಅಡ್ಡ ಇಟ್ಟಿದ್ದೆ" ಅಂದ. ಎಲ್ಲರೂ ಸೇರಿ ತಳ್ಳಿದೆವು. ಹಿಂದೆ ಒಂದು ಇಲಿ! ಮಂಚದ ಕೆಳಗೆ ಅಂಗಾತ ಮಲಗಿ ಸ್ಕ್ರೂ ತಿರುಗಿಸುತ್ತಿದೆ. ಸಣಕಲು ಮುಖ, ಅದೇ ಮುದುಕ. ಮಂಚದ ಮೇಲಿದ್ದ ಮಕ್ಕಳೆಲ್ಲ ಹೋ ಎಂದು ನಕ್ಕವು. ಡಾಕ್ಟರಮ್ಮ ಅಲ್ಲೇ ಫೋನು ಮಾಡಿ ಮೇಲಿನವರನ್ನು ಒಪ್ಪಿಸಿ, ಬಣ್ಣದವರಿಗೆ ಸೋಮವಾರ ಬರಬೇಡಿ ಎಂದರು. ಗೋಡೆಯ ಮೇಲೆ ಈಗ ಅವನ ಹೆಸರಿನ ಹಲಗೆಯಿದೆ.

ಎಲ್ಲರ ಸಂಭ್ರಮ ಇಳಿಯಲಿ ಎಂದು ಅತ್ತೆ ಕಾದರು. ಆಮೇಲೆ ಕೇಳಿಯೇಬಿಟ್ಟರು.

"ಹಲ್ಲಿನ ಡಾಕ್ಟ್ರನ್ನ ಬರೆದೆ. ಇಲಿ ಮಾಡಿ ನಿನ್ನನ್ನೂ ಬರ್ಕೊಂಡೆ. ನಾನೇನಪ್ಪಾ ಮಾಡಿದ್ದೆ ನಿನಗೆ?"

ಮುದುಕ ಅವರ ಮುಖವನ್ನು ಆಗಲೇ ಮೊದಲ ಸಲ ನೋಡುವವನಂತೆ ನೋಡಿದ.

"ನಿಮ್ಮ ಮುಖ ನಾನು ಸರಿಯಾಗಿ ನೋಡಿದ್ದೇ ಇಲ್ಲ ಅಕ್ಕಾ. ಬೇರೆಯವರು ಮಂಚದ ಪಕ್ಕ ಬಂದು ನಿಲ್ಲೋರು, ಕೆಳಗಿಂದ ಮುಖ ಕಾಣೋದು. ನಿಮ್ಮದು ಕಾಲು ಮಾತ್ರ, ಅದೂ ಓಡ್ತಾ ಇರೋದು. ಆದ್ರೆ ನೀವು ಬಾಗಿಲಲ್ಲಿ ಕಾಲಿಟ್ರೆ ಸಾಕು, ಮಕ್ಕಳು, ಸಿಸ್ಟರು, ಡಾಕ್ಟ್ರು, ಎಲ್ಲರೂ ಆ ಕಡೆ ತಿರುಗೋರು. ಏನೋ ಒಂದು ಗೆಲುವು ಬರೋದು ಮುಖದಲ್ಲಿ. ಆ ಮುಖಗಳನ್ನೇ ಬರೆದೆ. ಅಲ್ಲಿ ಎಲ್ಲರೂ ನೋಡ್ತಾ ಇರೋದು ನಿಮ್ಮನ್ನೇ ಅಲ್ವಾ?"

ಅತ್ತೆ ಹೊರಗೆ ಹೋಗಿ, ಮತ್ತೆ ಬಾಗಿಲಲ್ಲಿ ಕಾಲಿಟ್ಟು ನಿಂತರು. ಒಂಟೆ, ಕರಡಿ, ಹುಲಿ, ಮೊಲ, ಅಷ್ಟೂ ಅವರತ್ತಲೇ ತಿರುಗಿದ್ದವು.

"ಗುರಾಯಿಸ್ತಾವೆ ಅಂದ್ಕೊಂಡಿದ್ನಲ್ಲೇ" ಎಂದು ನನ್ನ ಕೈ ಹಿಡಿದುಕೊಂಡು ಅತ್ತರು. ನನಗೂ ಅಳು ಬಂತು, ಮುಚ್ಚುಮರೆಯೇನು.

ಆಮೇಲೆ ಕಣ್ಣೊರೆಸಿಕೊಂಡು ಇನ್ನೊಮ್ಮೆ ಹೊರಗೆ ಹೋದರು. ಈ ಸಲ ಒಳಗೆ ಬರುವ ಮೊದಲು ಕೂದಲು ಸರಿಮಾಡಿಕೊಂಡರು.