ಉರ್ಪೊನ ಸೊಟ್ಟ ಬಾಯಿ

ಫಿನ್ಲೆಂಡಿನ ನಮ್ಮ ಹಳ್ಳಿಯ ಉರ್ಪೊ ಎಪ್ಪತ್ತರ ಹರೆಯದಲ್ಲೂ ಹಿಮದ ಮೇಲೆ ಕಾಲಿನಿಂದ ಒದ್ದು ಜಾರುಬಂಡಿ ಓಡಿಸುತ್ತಿದ್ದ. ಮಾರ್ಚ್‌ನಲ್ಲಿ ಬಂಡಿ ಮಗುಚಿ, ಅದರ ಹಿಡಿ ಅವನ ಕುತ್ತಿಗೆಗೆ ಬಡಿಯಿತು.

"ಕತ್ತಿನ ರಕ್ತನಾಳದ ಒಳಪದರ ಹರಿದಿದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದ್ರೆ ಪಾರ್ಶ್ವವಾಯು. ಮಾತ್ರೆ ತಪ್ಪಿಸ್ಬೇಡಿ. ಬಾಯಿ ಸೊಟ್ಟಗಾದ್ರೆ ತಕ್ಷಣ ಬನ್ನಿ" ಎಂದರು ಡಾಕ್ಟರು.

ಉರ್ಪೊಗೆ ಹೊಸ ಆಟಿಕೆ ಸಿಕ್ಕಂತಾಯಿತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಕಂಡವರ ಮುಂದೆಲ್ಲ ಬಾಯಿ ಸೊಟ್ಟ ಮಾಡಿ ಹೆದರಿಸುತ್ತಿದ್ದ.

"ಥೂ, ದೇವರು ನೋಡ್ತಿದಾನೆ ಕಣ್ರೀ" ಎಂದು ಹೆಂಡತಿ ಹಿಲ್ಕ ಗದರಿದರೆ, "ನೋಡ್ಲಿ ಬಿಡೇ, ಅವನೂ ಸ್ವಲ್ಪ ನಗ್ಲಿ" ಎನ್ನುತ್ತಿದ್ದ.

ಪೆಟ್ಟು ಬಿದ್ದ ಮೇಲಿನ ಎರಡನೇ ಭಾನುವಾರ ಪ್ರಾರ್ಥನೆ ಮುಗಿಸಿ ಚರ್ಚಿನಲ್ಲೇ ಎಲ್ಲರೂ ಕಾಫಿಗೆ ಕುಳಿತಿದ್ದೆವು. ಉರ್ಪೊನ ಬಾಯಿ ಎಡಕ್ಕೆ ಜಾರಿತು.

"ಶುರುವಾಯ್ತಪ್ಪ ನಾಟಕ!" ಎಂದು ಎಲ್ಲರೂ ನಕ್ಕರು, ನಾನೇ ಹೆಚ್ಚು ನಕ್ಕೆ. ಆದರೆ ಕಾಫಿ ಅವನ ಗದ್ದದಿಂದ ಅಂಗಿಗೆ ಇಳಿಯುತ್ತಿತ್ತು. ಹಿಲ್ಕ ದಡಕ್ಕನೆ ಎದ್ದಳು.

"ನಗ್ಬೇಡ್ರೀ! ಈ ಮನುಷ್ಯ ತಮಾಷೆಗೂ ಕಾಫಿ ಚೆಲ್ಲೋನಲ್ಲ. ಆಂಬುಲೆನ್ಸ್ ಕರೀರಿ!"

ಹೊತ್ತಿಗೆ ಸರಿಯಾಗಿ ಆಸ್ಪತ್ರೆ ತಲುಪಿದ್ದರಿಂದ ವೈದ್ಯರು ಹೆಪ್ಪನ್ನು ತೆಗೆದರು, ದೇವರ ದಯೆ. ಮೂರನೇ ದಿನ ಮಾತು ಮರಳಿದಾಗ ಉರ್ಪೊ ಮೊದಲು ಕೇಳಿದ್ದು ಇದನ್ನೇ:

"ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತಲ್ಲೇ?"

"ಅದನ್ನ ಚೆಲ್ತೀನಾ? ಆಂಬುಲೆನ್ಸ್ ಬರೋಷ್ಟರಲ್ಲಿ ನಾನೇ ಕುಡಿದೆ" ಎಂದಳು ಹಿಲ್ಕ.