ಸೂಪರ್ ನಿಷೇಧದ ಮೊದಲ ದಿನ

ಮಿತ್ರರೇ, ಕೇಳಿ. ನಮ್ಮಕ್ಕ ಸಾರಿಗೂ ಸೂಪರ್, ಸೀರೆಗೂ ಸೂಪರ್, ಪಕ್ಕದ ಮನೆಯ ಜಗಳಕ್ಕೂ ಸೂಪರ್ ಅನ್ನುತ್ತಾಳೆಂದು ಬೆಳಿಗ್ಗೆ ನಾನು ಆ ಪದವನ್ನೇ ನಿಷೇಧಿಸಿದ್ದೆ. ಅಂದವರು ಪಾತ್ರೆ ತೊಳೆಯಬೇಕು.

ಮಧ್ಯಾಹ್ನ ಶಿಡ್ಲಘಟ್ಟದಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗನ ತಾಯಿ ಕೇಳಿದರು, "ನಮ್ ಹುಡುಗ ಹೆಂಗವ್ನಮ್ಮ?"

ಅಕ್ಕ ಬಾಯಿ ತೆರೆದಳು, ನನ್ನನ್ನು ನೋಡಿದಳು, ನುಂಗಿಕೊಂಡಳು. "ಪರವಾಗಿಲ್ಲ ಆಂಟಿ."

ಅಪ್ಪನ ಕಾಫಿ ಲೋಟ ಅರ್ಧದಲ್ಲೇ ನಿಂತಿತು. ಆ ತಾಯಿಯ ಮುಖ ಬಾಡಿತು.

"ಅಯ್ಯೋ, ಸೂಪರ್ ಅಂದ್ರೆ ಪಾತ್ರೆ ತೊಳೀಬೇಕು ಆಂಟಿ! ಇವ್ನೇ ರೂಲ್ಸ್ ಮಾಡವ್ನೆ!" ಅಕ್ಕ ನನ್ನತ್ತ ಬೆರಳು ತೋರಿಸಿದಳು.

ಹುಡುಗ ತೋಳು ಮಡಚಿದ. "ಹೇಳ್ಬಿಡಿ, ನಾನ್ ತೊಳೀತೀನಿ."

ಹೇಳಿಬಿಟ್ಟಳು. ಸಂಬಂಧ ಕುದುರಿತು. ಆದರೆ ಅಳಿಯನಾಗುವವರ ಕೈಲಿ ಪಾತ್ರೆ ತೊಳೆಸಬಾರದಂತೆ, ರೂಲ್ಸ್ ಮಾಡಿದವನೇ ತೊಳೆಯಲಿ ಅಂದರು ಅಪ್ಪ. ಸೋಪಿನ ಕೈಯಲ್ಲೇ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಯಾರೂ ಸೂಪರ್ ಎಂದು ಕಾಮೆಂಟ್ ಹಾಕಬೇಡಿ.